ಬ್ಲೌಸ್ ಹೊಲಿಸಿ ಉಳಿದ ರೇಷ್ಮೆ ತುಂಡು ಎಸೀಬೇಡಿ

ಮದುವೆ ಸೀಸನ್ ಅಂತ ಟೈಲರ್ ಹತ್ರ ಬ್ಲೌಸ್ ಕೊಟ್ಟಿರೋರು ಉಳಿದ ಬಟ್ಟೆ ಕೇಳಿ ಇಸ್ಕೊಳ್ಳಿ. ನಮ್ಮ ದಾವಣಗೆರೆ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಆದ್ರಂತೂ ಗೇಣುದ್ದದ ತುಂಡೂ ಬಿಡಬೇಡಿ. ಸೀರೆಗೆ ಅಷ್ಟು ಸರಿಯಾಗಿ ಹೊಂದೋ ಸ್ಕ್ರಂಚಿ (ಬಟ್ಟೆಯೊಳಗೆ ಎಲಾಸ್ಟಿಕ್ ಇರೋ ನೆರಿಗೆಯ ಹೇರ್ ಬ್ಯಾಂಡ್) ಅಂಗಡೀಲಿ ಹುಡುಕಿದ್ರೂ ಸಿಗೋದು ಕಷ್ಟ.

ಸ್ಕ್ರಂಚಿ ಮಾಡೋಕೆ ಬಟ್ಟೇನ 4 ಇಂಚು ಅಗಲ, 20 ಇಂಚು ಉದ್ದ ಕತ್ತರಿಸಿ. ಬಟ್ಟೆ ಸಾಲದಿದ್ರೆ ಎರಡು ತುಂಡು ಜೋಡಿಸಿ, ನೆರಿಗೆಯಲ್ಲಿ ಹೊಲಿಗೆ ಕಾಣಲ್ಲ. ಒಳಮೈ ಹೊರಗೆ ಬರೋ ಹಾಗೆ ಮಡಚಿ ಉದ್ದಕ್ಕೆ ಹೊಲಿದು ತಿರುವಿ. 7 ಇಂಚು ಎಲಾಸ್ಟಿಕ್ಕನ್ನ ಸೇಫ್ಟಿ ಪಿನ್ನಿಗೆ ಸಿಕ್ಕಿಸಿ ಒಳಗಿಂದ ಎಳೆದು ಗಂಟು ಹಾಕಿ, ಬಾಯಿ ಹೊಲಿಯಿರಿ.

ಜರಿ ಅಂಚನ್ನ ಮಾತ್ರ ಸ್ಕ್ರಂಚಿಗೆ ಹಾಕಲೇಬೇಡಿ. ಜರಿ ಎಳೆಗೆ ಕೂದಲು ಸಿಕ್ಕಿ ಕಿತ್ತು ಬರುತ್ತೆ, ಮಕ್ಕಳು ಅತ್ತೇ ಬಿಡ್ತಾರೆ. ಆ ಅಂಚಲ್ಲಿ ಬೋ ಮಾಡಿ ಕ್ಲಿಪ್ಪಿನ ಮೇಲೆ ಕೂರಿಸಿ, ಎಷ್ಟು ಚಂದ ಕಾಣುತ್ತೆ ನೋಡಿ. ಗ್ಲೂ ಗನ್ ಅಂಟನ್ನೇ ನಂಬಬೇಡಿ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಸ್ಕೂಟಿ ಡಿಕ್ಕಿಯೊಳಗೆ ಬಿಟ್ರೆ ಅಂಟು ಮೆತ್ತಗಾಗಿ ಬೋ ಜಾರುತ್ತೆ. ಕ್ಲಿಪ್ಪಿಗೆ ಸುತ್ತಿ ನಾಲ್ಕು ಹೊಲಿಗೆ ಹಾಕಿದ್ರೆ ಗಟ್ಟಿ.

ಹಾಕ್ಕೊಳ್ಳೋವಾಗ, ಕೂದಲು ತೆಳ್ಳಗಿದ್ರೆ ಮಣಿ, ಕುಂದಣ ತುಂಬಿದ ಭಾರದ ಕ್ಲಿಪ್ ಬೇಡ, ಬುಡ ಎಳೆಯುತ್ತೆ. ಜಾರೋ ಕೂದಲಿಗೆ ಕ್ಲಿಪ್ಪಿನ ಒಳಗೆ ವೆಲ್ವೆಟ್ ಪಟ್ಟಿ ಅಂಟಿಸಿ. ಮಲ್ಲಿಗೆ ದಂಡೆ ಮುಡಿಯೋದಾದ್ರೆ ನೀರು ಪೂರ್ತಿ ಒದರಿ ಮುಡೀರಿ, ಹಸಿ ಹೂವು ತಾಗಿದ್ರೆ ರೇಷ್ಮೆ ಮೇಲೆ ಕಲೆ ಕೂರುತ್ತೆ.