ಹೈಸ್ಕೂಲಿನಲ್ಲಿ ಮಕ್ಕಳೇ ನಡೆಸುವ ಹೌಸ್: ಜೂನ್‌ನಿಂದ ಫೆಬ್ರುವರಿವರೆಗೆ

ಪೈಪೋಟಿಗಾಗಿ ಶಾಲೆಯ ಮಕ್ಕಳನ್ನೆಲ್ಲ ಹಂಚಿ ಮಾಡುವ ಗುಂಪಿಗೆ ಹೌಸ್ ಅನ್ನುತ್ತಾರೆ. ಬಹಳಷ್ಟು ಹೈಸ್ಕೂಲುಗಳಲ್ಲಿ ಹೌಸ್ ಅಂದರೆ ಕ್ರೀಡಾಕೂಟದ ದಿನ ಹೊರಬಂದು ಮರುದಿನ ಸ್ಟೋರ್ ರೂಮು ಸೇರುವ ನಾಲ್ಕು ಬಾವುಟ. ಆಟಗಾರರ ಆಯ್ಕೆ, ಅಂಕ, ಪಂದ್ಯದ ಪಟ್ಟಿ ಎಲ್ಲವೂ ಪಿ.ಟಿ. ಮಾಸ್ತರರ ಕೈಯಲ್ಲೇ ಇರುತ್ತದೆ, ಮಕ್ಕಳು ಸಾಲಿನಲ್ಲಿ ನಿಲ್ಲುತ್ತಾರೆ. ಹೌಸನ್ನು ನಿಜವಾಗಿ ಮಕ್ಕಳ ಕೈಗೆ ಒಪ್ಪಿಸುವ ಮನಸ್ಸಿದ್ದರೆ ಮೊದಲು ಅಂಕದ ವಹಿ ಕೊಡಿ. ಬ್ಯಾಡ್ಜ್ ಆಮೇಲೆ ಹಂಚಿದರೂ ನಡೆಯುತ್ತದೆ.

ಇಲ್ಲಿನ ಲೆಕ್ಕವೆಲ್ಲ 8, 9, 10ನೇ ತರಗತಿಗಳಲ್ಲಿ ತಲಾ 120 ಮಕ್ಕಳಿರುವ, ಒಟ್ಟು 360 ಮಕ್ಕಳ ಶಾಲೆಯದು. ನಾಲ್ಕು ಹೌಸ್, ಒಂದೊಂದರಲ್ಲಿ 90 ಮಕ್ಕಳು, ಪ್ರತಿ ತರಗತಿಯಿಂದ 30. ಶಾಲೆಯಲ್ಲಿ 150ಕ್ಕಿಂತ ಕಡಿಮೆ ಮಕ್ಕಳಿದ್ದರೆ ಮೂರೇ ಹೌಸ್ ಸಾಕು.

ಹಂಚಿಕೆ

8ಎ ಒಂದು ಹೌಸ್, 8ಬಿ ಇನ್ನೊಂದು ಅಂತ ಸೆಕ್ಷನ್ ಪ್ರಕಾರ ಹಂಚಬೇಡಿ. ಸೆಕ್ಷನ್‌ಗಳ ನಡುವೆ ಮೊದಲೇ ಇರುವ ಪೈಪೋಟಿಗೆ ಬಾವುಟವನ್ನೂ ಕೊಟ್ಟಂತಾಗುತ್ತದೆ. 7ನೇ ತರಗತಿಯ ಅಂಕದ ಪ್ರಕಾರ ಹುಡುಗರದೊಂದು, ಹುಡುಗಿಯರದೊಂದು ಪಟ್ಟಿ ಮಾಡಿ. ಮೊದಲ ನಾಲ್ವರನ್ನು 1, 2, 3, 4 ಅಂತ ಹೌಸುಗಳಿಗೆ ಹಾಕಿ, ಮುಂದಿನ ನಾಲ್ವರನ್ನು 4, 3, 2, 1 ಅಂತ ತಿರುಗಿಸಿ. ಯಾಕೆಂದರೆ ನೇರವಾಗಿ ಹಂಚಿದರೆ ಮೊದಲ ಹೌಸಿಗೆ 1 ಮತ್ತು 5ನೇ ಸ್ಥಾನದವರು, ನಾಲ್ಕನೆಯದಕ್ಕೆ 4 ಮತ್ತು 8ನೇ ಸ್ಥಾನದವರು ಬೀಳುತ್ತಾರೆ. ಮೊತ್ತ 6 ಮತ್ತು 12. ತಿರುಗಿಸಿ ಹಂಚಿದರೆ ನಾಲ್ಕೂ ಹೌಸಿಗೆ ಮೊತ್ತ 9 ಬರುತ್ತದೆ. ಆಮೇಲೆ ತಾಲ್ಲೂಕು ಮಟ್ಟದಲ್ಲಿ ಆಡಿದ ಮಕ್ಕಳು ಒಂದೇ ಕಡೆ ಸೇರಿದ್ದಾರೆಯೇ ನೋಡಿ, ಸೇರಿದ್ದರೆ ಹತ್ತಿರದ ಸ್ಥಾನದವರ ಜೊತೆ ಅದಲುಬದಲು ಮಾಡಿ. ಅಕ್ಕ-ತಮ್ಮಂದಿರು ಒಂದೇ ಹೌಸಿನಲ್ಲಿರಲಿ. ಗೋಡೆಗೆ ಹಚ್ಚುವುದು ಹೆಸರು ಮಾತ್ರ, ಅಂಕದ ಪಟ್ಟಿ ಹೊರಗೆ ಬರಬಾರದು.

ಹೌಸುಗಳಿಗೆ ದೊಡ್ಡವರ ಹೆಸರಿಟ್ಟರೆ ಬೇಗನೆ 'ಅವರು ಯಾರ ಪೈಕಿ' ಎಂಬ ಮಾತು ಬರುತ್ತದೆ. ನದಿಗಳ ಹೆಸರಿಗೆ ಆ ತೊಂದರೆ ಇಲ್ಲ: ಶಾಲ್ಮಲಾ, ಮಲಪ್ರಭಾ, ವರದಾ, ತುಂಗಭದ್ರಾ. ಯಾವ ಹೌಸಿಗೆ ಯಾವ ಹೆಸರು, ಯಾವ ಬಣ್ಣ ಅನ್ನುವುದನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸಿ. ಜುಲೈನ ಮೊದಲ ಚಟುವಟಿಕೆಯೂ ಅಲ್ಲೇ ಸಿಗುತ್ತದೆ. ಧಾರವಾಡದಲ್ಲೇ ಹುಟ್ಟುವ ಶಾಲ್ಮಲೆ ಎತ್ತ ಹರಿಯುತ್ತದೆ, ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೂಡಲಸಂಗಮ ಮುಟ್ಟುವ ದಾರಿ ಯಾವುದು, ಗಳಗನಾಥದಲ್ಲಿ ತುಂಗಭದ್ರೆಗೆ ಸೇರುವ ಮೊದಲು ವರದೆ ಯಾವ ಊರುಗಳನ್ನು ದಾಟುತ್ತದೆ ಎಂದು ಒಂದೊಂದು ಹೌಸೂ ತನ್ನ ನದಿಯ ನಕ್ಷೆ ಬರೆಯಲಿ.

ಟಿ-ಶರ್ಟ್ ಕೊಳ್ಳಿರಿ ಅಂತ ಪಾಲಕರಿಗೆ ಹೇಳಬೇಡಿ. 90 ಸೆಂ.ಮೀ. ಅಗಲದ ಕಾಟನ್ ಬಟ್ಟೆ ಒಂದೂವರೆ ಮೀಟರ್ ತಂದರೆ 3 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ 100 ಪಟ್ಟಿ ಬರುತ್ತವೆ. ಒಂದು ಹೌಸಿನ ಮಕ್ಕಳೆಲ್ಲರ ಕೈಗೆ ಕಟ್ಟಿ ಹತ್ತು ಉಳಿಯುತ್ತವೆ.

ಕ್ಯಾಪ್ಟನ್ ಆಯ್ಕೆ

ಜೂನ್‌ನಲ್ಲೇ ಚುನಾವಣೆ ಮುಗಿಸುವ ಅವಸರ ಬೇಡ. ಎಂಟನೇ ತರಗತಿಯ ಮಕ್ಕಳು ಬೇರೆ ಬೇರೆ ಊರಿನ ಪ್ರಾಥಮಿಕ ಶಾಲೆಗಳಿಂದ ಆಗಷ್ಟೇ ಬಂದಿರುತ್ತಾರೆ, ಹತ್ತನೆಯವರಲ್ಲಿ ಯಾರು ಎಂಥವರು ಅಂತ ಅವರಿಗೆ ಗೊತ್ತಿರುವುದಿಲ್ಲ. ಜುಲೈ ಮೂರನೇ ವಾರಕ್ಕೆ ಇಟ್ಟುಕೊಳ್ಳಿ. ಹತ್ತನೇ ತರಗತಿಯಿಂದ ಕ್ಯಾಪ್ಟನ್, ಒಂಬತ್ತರಿಂದ ವೈಸ್ ಕ್ಯಾಪ್ಟನ್. ಇಬ್ಬರಲ್ಲಿ ಒಬ್ಬರು ಹುಡುಗಿ, ಒಬ್ಬರು ಹುಡುಗ. ಅಭ್ಯರ್ಥಿಗೆ ಎರಡು ನಿಮಿಷದ ಭಾಷಣ, ಅದೂ 'ಸೆಪ್ಟೆಂಬರ್ ಒಳಗೆ ನಾನು ಮಾಡುವ ಎರಡು ಕೆಲಸ' ಎಂಬ ವಿಷಯದ ಮೇಲೆ ಮಾತ್ರ. ಚಾಕ್ಲೇಟ್ ಹಂಚಿದವರ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ಮೊದಲೇ ಬರೆದು ಹಚ್ಚಿ. ಗುಪ್ತ ಮತದಾನ ಇರಲಿ. ಒಂದು ಹೌಸಿನ ಚೀಟಿಯನ್ನು ಇನ್ನೊಂದು ಹೌಸಿನವರು ಎಣಿಸಲಿ.

ಕ್ಯಾಪ್ಟನ್ ಮಾಡುವ ಕೆಲಸ: ತಂಡ ಆರಿಸುವುದು, ಶನಿವಾರದ ಸಭೆ ನಡೆಸುವುದು, ವಹಿ ಬರೆಸುವುದು, ಚಟುವಟಿಕೆಯ ಪಟ್ಟಿ ಮಾಡುವುದು. ಮಾಡಬಾರದ ಕೆಲಸ: ಶಿಕ್ಷೆ ಕೊಡುವುದು, ರೊಕ್ಕ ಕೂಡಿಸುವುದು, ತಡವಾಗಿ ಬಂದವರ ಹೆಸರು ಬರೆದುಕೊಳ್ಳುವುದು. ಈ ಗೆರೆ ದಾಟಿದ ದಿನ ಕ್ಯಾಪ್ಟನ್ ಮಕ್ಕಳ ಪ್ರತಿನಿಧಿಯಾಗಿ ಉಳಿಯುವುದಿಲ್ಲ. ಸಣ್ಣ ಮಕ್ಕಳು ಅವನನ್ನು ಕಂಡರೆ ದಾರಿ ಬಿಟ್ಟು ಸರಿಯುತ್ತಾರೆ.

ಹೌಸಿಗೊಬ್ಬರು ಶಿಕ್ಷಕರು ಇರಲಿ. ಪಿ.ಟಿ. ಮಾಸ್ತರರಿಗೆ ಮಾತ್ರ ಹೌಸ್ ವಹಿಸಬೇಡಿ, ಅವರು ಎಲ್ಲ ಪಂದ್ಯಕ್ಕೂ ಅಂಪೈರ್ ಆಗಬೇಕಾದವರು.

ಅಂಕದ ವಹಿ

200 ಪುಟದ ಒಂದು ಲಾಂಗ್ ಬುಕ್, ಆರು ಕಾಲಂ: ತಾರೀಖು, ಹೌಸ್, ಚಟುವಟಿಕೆ, ಅಂಕ, ಒಟ್ಟು, ಸಹಿ. ಸಹಿ ಹಾಕುವವರು ಬೇರೆ ಹೌಸಿನ ಕ್ಯಾಪ್ಟನ್. ಶಾಲ್ಮಲಾದ ಅಂಕಕ್ಕೆ ಶಾಲ್ಮಲಾದವರೇ ಸಹಿ ಹಾಕಿದರೆ ಒಂದೇ ತಿಂಗಳಲ್ಲಿ ವಹಿಯ ಮೇಲಿನ ನಂಬಿಕೆ ಹೋಗುತ್ತದೆ. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಇಬ್ಬರು ಕ್ಯಾಪ್ಟನ್ನರು ಸಹಿ ಮಾಡಬೇಕು. ವೈಟ್ನರ್ ಹಚ್ಚಿದ ಅಂಕ ಲೆಕ್ಕಕ್ಕಿಲ್ಲ. ವಹಿ ವಾಚನಾಲಯದ ಮೇಜಿನ ಮೇಲಿರಲಿ, ಎಂಟನೇ ತರಗತಿಯ ಮಗುವೂ ತೆರೆದು ನೋಡುವಂತಿರಲಿ. ಸೋಮವಾರ ಪ್ರಾರ್ಥನೆಯಲ್ಲಿ ಒಟ್ಟು ಅಂಕ ಓದಿ, ಬೋರ್ಡಿಗೆ ಬರೆಯಬೇಕು.

ತಕರಾರಿದ್ದರೆ ಏಳು ದಿನದೊಳಗೆ ಬರೆದು ಕೊಡಬೇಕು. ತೀರ್ಮಾನ ನಾಲ್ಕು ವೈಸ್ ಕ್ಯಾಪ್ಟನ್‌ಗಳದು. ಯಾವ ಹೌಸಿನ ಅಂಕದ ಮೇಲೆ ತಕರಾರಿದೆಯೋ ಅದಕ್ಕೆ ಮತವಿಲ್ಲ. ಉಳಿದವರು ಮೂವರು, ಸಮ ಮತದ ಪ್ರಶ್ನೆ ಬರುವುದಿಲ್ಲ.

ವರ್ಷವನ್ನು ಮೂರು ಅವಧಿ ಮಾಡಿ: ದಸರಾ ರಜೆಯವರೆಗೆ, ರಜೆ ಮುಗಿದು ಡಿಸೆಂಬರ್‌ವರೆಗೆ, ಜನವರಿ-ಫೆಬ್ರುವರಿ. ಪ್ರತಿ ಅವಧಿಗೆ ಒಂದೊಂದು ಹೌಸಿಗೆ ಹೆಚ್ಚೆಂದರೆ 200 ಅಂಕ, ಯಾವ ಒಂದು ದಿನಕ್ಕೂ 20ಕ್ಕಿಂತ ಹೆಚ್ಚು ಬೇಡ. ಕ್ರೀಡಾಕೂಟದ ಒಂದು ದಿನಕ್ಕೆ 100 ಅಂಕ ಇಟ್ಟರೆ ಉಳಿದ ದಿನಗಳ ದುಡಿಮೆಗೆ ಬೆಲೆ ಇರುವುದಿಲ್ಲ. ಅವಧಿಯ ಕೊನೆಗೆ ಸ್ಥಾನದ ಪ್ರಕಾರ 4, 3, 2, 1 ಕೊಟ್ಟು, ಮರುದಿನದಿಂದ ಎಲ್ಲರೂ ಸೊನ್ನೆಯಿಂದ ಶುರು. ಹೀಗೆ ಮಾಡದಿದ್ದರೆ ಅಕ್ಟೋಬರಿನಲ್ಲಿ ಹಿಂದೆ ಬಿದ್ದ ಹೌಸ್ ಡಿಸೆಂಬರಿಗೆ ಕೈ ಚೆಲ್ಲುತ್ತದೆ.

ಆ 20ರಲ್ಲಿ 12 ಭಾಗವಹಿಸಿದ್ದಕ್ಕೆ, 8 ಗೆದ್ದಿದ್ದಕ್ಕೆ. ಸ್ಥಾನಕ್ಕೆ 8, 6, 4, 2. ಹಾಜರಿದ್ದ 84ರಲ್ಲಿ 63 ಮಕ್ಕಳು ಇಳಿದರೆ ಮುಕ್ಕಾಲು ಪಾಲು, 12ಕ್ಕೆ 9. ಈಗ ಹೋಲಿಸಿ ನೋಡಿ: 84ರಲ್ಲಿ 21 ಜನರನ್ನಷ್ಟೇ ಇಳಿಸಿ ಮೊದಲು ಬಂದ ಹೌಸಿಗೆ 3 ಮತ್ತು 8, ಅಂದರೆ 11. 63 ಜನರನ್ನು ಇಳಿಸಿ ಕೊನೆಗೆ ಬಂದ ಹೌಸಿಗೆ 9 ಮತ್ತು 2, ಅದೂ 11. ಇಷ್ಟು ತೂಕ ಇದ್ದಾಗ ಮಾತ್ರ ಕ್ಯಾಪ್ಟನ್ ಮೂಲೆಯಲ್ಲಿ ಕೂತ ಮಗುವಿನ ಹತ್ತಿರ ಹೋಗಿ 'ನೀ ಏನ್ ಆಡ್ತೀ?' ಅಂತ ಕೇಳುತ್ತಾನೆ.

ಭಾಗಿಸುವುದು ಅವತ್ತು ಹಾಜರಿದ್ದವರ ಸಂಖ್ಯೆಯಿಂದ, 90ರಿಂದ ಬೇಡ. ಗೈರುಹಾಜರಿಗೆ ಅಂಕ ಕಡಿಯಲೂಬಾರದು. ಪಂಚಮಿಗೆ ಊರಿಗೆ ಹೋದ ಮಗು, ಹತ್ತಿ ಬಿಡಿಸಲು, ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋದ ಮಗು ಮರಳಿ ಬಂದಾಗ ತನ್ನ ಹೌಸಿನವರಿಂದಲೇ ಬೈಸಿಕೊಳ್ಳುವಂತಾದರೆ ಅದು ಶಾಲೆಯಿಂದ ಇನ್ನಷ್ಟು ದೂರವಾಗುತ್ತದೆ. ಇದೇ ಕಾರಣಕ್ಕೆ ಎಫ್‌ಎ, ಎಸ್‌ಎ ಎಂಬ ಶಾಲಾ ಮೌಲ್ಯಮಾಪನದ ಅಂಕಗಳನ್ನೂ ಹೌಸಿನ ಲೆಕ್ಕಕ್ಕೆ ಸೇರಿಸಬೇಡಿ.

ಶನಿವಾರದ ಇಪ್ಪತ್ತು ನಿಮಿಷ

ಸಂಜೆ ಶಾಲೆ ಬಿಟ್ಟ ಮೇಲೆ ಸಭೆ ಇಟ್ಟರೆ ಹಳ್ಳಿಯ ಮಕ್ಕಳಿಗೆ ಬಸ್ ತಪ್ಪುತ್ತದೆ. ಆಮೇಲೆ ಹೌಸ್ ಊರೊಳಗಿನ ಮಕ್ಕಳದಷ್ಟೇ ಆಗಿಬಿಡುತ್ತದೆ. ಶನಿವಾರ ಮುಂಜಾನೆ ಶಾಲೆಯಲ್ಲಿ ಮೊದಲ ಪಿರಿಯಡ್‌ಗೆ ಮುಂಚೆ 20 ನಿಮಿಷ ತೆಗೆದಿಡಿ. ಕಳೆದ ವಾರ ಆದದ್ದು, ಮುಂದಿನ ವಾರ ಆಗಬೇಕಾದದ್ದು, ಯಾರಿಗೆ ಏನು ಹೇಳುವುದಿದೆ, ಈ ಮೂರೇ ವಿಷಯ. ನಡಾವಳಿ ಬರೆಯುವ ಕೆಲಸ ಎಂಟನೇ ತರಗತಿಯವರಿಗೆ, ಪ್ರತಿ ತಿಂಗಳು ಹೊಸಬರಿಗೆ.

ಸಭೆಯಲ್ಲಿ ಎಂಟನೆಯ ಹುಡುಗಿ ಎದ್ದು ನಿಂತು, "ಅಕ್ಕಾ, ಖೋ-ಖೋಕ್ಕ ನನ್ನ ಹೆಸರ ಹೇಳಿದ್ದೆ, ಬರಕೊಂಡಿಲ್ಲ" ಅನ್ನುತ್ತಾಳೆ ಅಂದುಕೊಳ್ಳಿ. "ಮುಂದಿನ ವರ್ಷ ಆಡುವಂತಿ, ಕುಂಡ್ರು" ಅಂದರೆ ಆ ಹುಡುಗಿ ಮತ್ತೆ ಏಳುವುದಿಲ್ಲ. "ಯಾವತ್ತ ಹೇಳಿದ್ದಿ? ವಹಿ ತಗೀ, ನೋಡೂನು" ಅನ್ನುವ ಕ್ಯಾಪ್ಟನ್ ಬೇಕು. ಈ ಮಾತನ್ನು ಜುಲೈನಲ್ಲೇ ನಾಲ್ವರು ಕ್ಯಾಪ್ಟನ್ನರಿಗೂ ಒಂದು ತಾಸು ಕೂಡಿಸಿ ಕಲಿಸಬೇಕು, ತಾನಾಗಿ ಬರುವುದಿಲ್ಲ. ಹೌಸಿನ ಶಿಕ್ಷಕರು ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂಡಬೇಕು. ಅವರು ಬಾಯಿ ಬಿಟ್ಟ ಕೂಡಲೇ ಎಲ್ಲರ ಮುಖ ಅವರತ್ತ ತಿರುಗುತ್ತದೆ. ಹೇಳುವುದಿದ್ದರೆ ಸಭೆ ಮುಗಿದ ಮೇಲೆ ಕ್ಯಾಪ್ಟನ್‌ಗೆ ಚೀಟಿ ಕೊಡಲಿ.

ಮಳೆ, ಮೈದಾನ, ತಂಡ

ಎರೆ ಮಣ್ಣಿನ ಮೈದಾನದಲ್ಲಿ ಜುಲೈ-ಆಗಸ್ಟ್‌ನಲ್ಲಿ ಓಡಲಾಗುವುದಿಲ್ಲ, ಕಾಲಿಗೆ ಮಣ್ಣು ಹತ್ತಿ ಜಾರುತ್ತದೆ. ಆಗ ನದಿ ನಕ್ಷೆ, ಗೋಡೆ ಪತ್ರಿಕೆ, ಕ್ವಿಜ್, ಚೆಸ್, ಕೇರಂ. ಹೌಸುಗಳ ಆಟ ಡಿಸೆಂಬರಿಗೆ. ಖೋ-ಖೋದಲ್ಲಿ ಅಂಗಳಕ್ಕಿಳಿಯುವವರು 9 ಜನ, ಓಡುವವರು ಮೂರ್ಮೂರು ಜನರ ಗುಂಪಾಗಿ ಬರುತ್ತಾರೆ. ಪ್ರತಿ ಮೂವರಲ್ಲಿ 8, 9, 10ನೇ ತರಗತಿಯ ಒಬ್ಬೊಬ್ಬರು ಇರಲೇಬೇಕು ಎಂದು ನಿಯಮ ಮಾಡಿ. ಸಣ್ಣವರಿಗೆ ಜಾಗ ತಾನಾಗಿ ಸಿಗುತ್ತದೆ, ದೊಡ್ಡವರು ಅವರಿಗೆ ಕಲಿಸಲೇಬೇಕಾಗುತ್ತದೆ.

ನವೆಂಬರಿನ ಹಸ್ತಾಂತರ

ಹೆಚ್ಚು ಶಾಲೆಗಳು ಎಡವುವುದು ಇಲ್ಲೇ. ದಸರಾ ಮುಗಿದ ಮೇಲೆ ಹತ್ತನೆಯವರಿಗೆ ಎಸ್ಎಸ್ಎಲ್‌ಸಿ ವಿಶೇಷ ತರಗತಿ, ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ. ಕ್ಯಾಪ್ಟನ್ ಹೆಸರು ಬೋರ್ಡಿನ ಮೇಲೆ ಉಳಿಯುತ್ತದೆ, ಕೆಲಸ ನಿಲ್ಲುತ್ತದೆ, ಅದೂ ಮೈದಾನ ಚೆನ್ನಾಗಿ ಒಣಗಿರುವ ಡಿಸೆಂಬರಿನಲ್ಲೇ. ಹಾಗಾಗಿ ರಾಜ್ಯೋತ್ಸವ ಮುಗಿದ ವಾರವೇ ಒಂಬತ್ತನೆಯ ವೈಸ್ ಕ್ಯಾಪ್ಟನ್‌ಗೆ ಕ್ಯಾಪ್ಟನ್ ಜಾಗ ಬಿಟ್ಟುಕೊಡಬೇಕು, ಎಂಟನೆಯವರಿಂದ ಹೊಸ ವೈಸ್ ಆರಿಸಬೇಕು. ಇದನ್ನು ಜುಲೈನ ಚುನಾವಣೆಯ ದಿನವೇ ಹೇಳಿಟ್ಟರೆ ಇಳಿಯುವವರಿಗೆ ಅವಮಾನ ಅನ್ನಿಸುವುದಿಲ್ಲ. ದಸರಾ ರಜೆಗೆ ಮುಂಚಿನ ಮೂರು ಶನಿವಾರ ಸಭೆಯನ್ನು ವೈಸ್ ಕ್ಯಾಪ್ಟನ್ ನಡೆಸಲಿ, ಕ್ಯಾಪ್ಟನ್ ಪಕ್ಕದಲ್ಲಿ ಕೂಡಲಿ. ಹಸ್ತಾಂತರದ ದಿನ ಅಂಕದ ವಹಿಯಲ್ಲಿ ಇಬ್ಬರ ಸಹಿ, ಸಾಮಾನಿನ ಪಟ್ಟಿ (ಕೈಪಟ್ಟಿ ಎಷ್ಟು, ಸೀಟಿ, ಚೆಂಡು, ಕತ್ತರಿ), ತೀರದ ತಕರಾರುಗಳ ಪಟ್ಟಿ.

ಫೆಬ್ರುವರಿಯ ಕೊನೆಯ ಶನಿವಾರ ಮೂರು ಅವಧಿಯ ಸ್ಥಾನಕ್ಕೆ ಕೊಟ್ಟ ಅಂಕಗಳನ್ನು ಕೂಡಿಸಿ ಫಲಿತಾಂಶ ಹೇಳಿ. ಸಮ ಬಂದರೆ ಮೂರನೇ ಅವಧಿಯಲ್ಲಿ ಮುಂದಿದ್ದವರಿಗೆ ಫಲಕ. ಅವತ್ತೇ ಕೈಪಟ್ಟಿಗಳನ್ನು ಒಗೆದು, ಹತ್ತತ್ತರ ಕಟ್ಟು ಮಾಡಿ, ಎಣಿಸಿ ಬರೆದಿಡಿ. ಜೂನ್‌ನಲ್ಲಿ ಮತ್ತೆ ಹಂಚಬೇಕಾದದ್ದು ಹೊಸದಾಗಿ ಬಂದ ಎಂಟನೆಯವರನ್ನು ಮಾತ್ರ, ಉಳಿದವರ ಹೌಸ್ ಬದಲಾಗುವುದಿಲ್ಲ.