ಕತೆ ಕೇಳುವ ಮೊದಲು ನಲ್ಲಿ ನಿಲ್ಲಿಸಿದೆ

ಮಂಡ್ಯದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಆರಂಭಿಸಿದ ಮೊದಲ ವರ್ಷಗಳಲ್ಲಿ, ನೊಂದವರು ಒಳಗಿರುವುದನ್ನೆಲ್ಲ ಹೇಳಿ ಅತ್ತುಬಿಟ್ಟರೆ ಅರ್ಧ ಭಾರ ಇಳಿಯುತ್ತದೆ ಎಂದೇ ನಾನು ನಂಬಿದ್ದೆ. ಆ ನಂಬಿಕೆಯನ್ನು ಬಿಡಿಸಿದವರು ಪಾಂಡವಪುರದ ಕಡೆಯ ಒಬ್ಬ ಮಹಿಳೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ವಿಶ್ವೇಶ್ವರಯ್ಯ ನಾಲೆಯಲ್ಲಿ ಅವರ ಪತಿ ಮುಳುಗಿ ತೀರಿಕೊಂಡು ಎರಡು ವರ್ಷವಾಗಿತ್ತು. 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಮಂದಿ ಸತ್ತದ್ದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಆದರೂ ನಾಲೆಗೆ ನೀರು ಬಿಟ್ಟರೆಂದರೆ ಊರಿಗೆ ಊರೇ ಹಿಗ್ಗುತ್ತದೆ. ಇವರಿಗೆ ಮಾತ್ರ ಆ ರಾತ್ರಿಗಳಲ್ಲಿ ನಿದ್ದೆ ಇರುತ್ತಿರಲಿಲ್ಲ.

ಮೊದಲ ದಿನವೇ ನಾನು, "ಆವತ್ತು ಏನಾಯಿತು, ಮೊದಲಿನಿಂದ ಹೇಳಿ ಅಕ್ಕ" ಎಂದೆ. ಅವರು ಹೇಳಿದರು. ಅರ್ಧಕ್ಕೆ ಬರುವಷ್ಟರಲ್ಲಿ ದೃಷ್ಟಿ ಗೋಡೆಯಲ್ಲಿ ನೆಟ್ಟು, ಧ್ವನಿ ಸಪ್ಪೆಯಾಗಿ, ನನ್ನ ಮಾತು ಅವರಿಗೆ ಕೇಳಿಸದಂತಾಯಿತು. ಅದು ತಾಳಲಾರದ ಮನಸ್ಸು ತನ್ನನ್ನು ಮುಚ್ಚಿಕೊಳ್ಳುವ ಬಗೆ; ನಾನಾದರೋ ಸಮಾಧಾನವೆಂದು ತಿಳಿದು, "ಹಗುರವಾಗಿದ್ದಾರೆ" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ನಾಲ್ಕು ರಾತ್ರಿ ಅವರು ಕಣ್ಣು ಮುಚ್ಚಿಲ್ಲವೆಂದು ನಾದಿನಿ ಫೋನ್ ಮಾಡಿ ತಿಳಿಸಿದರು. ಏಳು ವಾರ ಅವರು ಇತ್ತ ಬರಲಿಲ್ಲ.

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಮಾನಸಿಕ ಆಘಾತದಿಂದ ಚೇತರಿಕೆಯ ಮೂರು ಹಂತಗಳನ್ನು ವಿವರಿಸಿದ್ದರು: ಮೊದಲು ಸುರಕ್ಷತೆ, ಅನಂತರ ನೆನಪು ಮತ್ತು ಶೋಕ, ಆಮೇಲೆ ಬದುಕಿನೊಡನೆ ಮರಳಿ ಬೆಸುಗೆ. ತರಬೇತಿಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದವಳು ಎರಡನೆಯ ಹಂತದಿಂದಲೇ ಶುರು ಮಾಡಿದ್ದೆ.

ಡಿಸೆಂಬರಿನಲ್ಲಿ ನಾದಿನಿಯೊಡನೆ ಅವರು ಮತ್ತೆ ಬಂದಾಗ, ಎಲ್ಲಿ ಕೂರುತ್ತೀರಿ ಎಂದು ಮೊದಲು ಕೇಳಿದೆ. ಬಾಗಿಲಿಗೆ ಬೆನ್ನು ಹಾಕಿದ್ದ ಕುರ್ಚಿಯನ್ನು ಅವರೇ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಆ ನಲ್ಲಿ ಒಸಿ ನಿಲ್ಸ್ತೀರಾ ಮೇಡಮ್ಮೋರೆ?" ಎಂದರು. ಹಿತ್ತಲಿನ ನಲ್ಲಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಕಳೆದ ಸಲವೂ ತೊಟ್ಟಿಕ್ಕುತ್ತಿದ್ದಿರಬೇಕು. ನನಗೆ ಅದು ಕೇಳಿಸಿಯೇ ಇರಲಿಲ್ಲ.

ಕಣ್ಣು ಮುಚ್ಚಿ ಉಸಿರನ್ನು ಗಮನಿಸುವ ಅಭ್ಯಾಸ ಅವರಿಗೆ ಒಗ್ಗಲಿಲ್ಲ, ಏಕೆಂದರೆ ಕಣ್ಣು ಮುಚ್ಚಿದೊಡನೆ ನೀರೇ ಕಾಣುತ್ತಿತ್ತು. ಕಾಣುವ ಐದು ವಸ್ತು, ಕೇಳುವ ಮೂರು ಸದ್ದು ಎಂದು ಎಣಿಸುವುದು ಸ್ಕೂಲಿನ ಪರೀಕ್ಷೆಯಂತಾಯಿತು. ಅವರೆಕಾಯಿಯ ಕಾಲವಾದ್ದರಿಂದ, ನೆನೆಸಿದ ಕಾಳು ಹಿದುಕುವಾಗ ಮಾತ್ರ ಮನಸ್ಸು ಒಂದು ಕಡೆ ನಿಲ್ಲುತ್ತದೆ ಎಂದು ಅವರೇ ಹೇಳಿದರು. ಮುಂದಿನ ವಾರ ನಾನು ಒಂದು ಬಟ್ಟಲು ಕಾಳು ನೆನೆಸಿಟ್ಟೆ. ಹೆಬ್ಬೆರಳಿನಿಂದ ಒತ್ತಿದಾಗ ಸಿಪ್ಪೆ ಜಾರಿ ಬೇಳೆ ಹೊರಬರುತ್ತದೆ. ಬೆರಳು ಒದ್ದೆ, ಮೂಗಿಗೆ ಸೊಗಡು, ಕಣ್ಣು ತೆರೆದೇ ಇರುತ್ತದೆ. ಅವರು ಕೈ ಒರೆಸಿಕೊಂಡರೆ ಯಾವ ಮಾತಿದ್ದರೂ ಅಲ್ಲಿಗೇ ನಿಲ್ಲಿಸಬೇಕೆಂದು ಒಪ್ಪಂದ ಮಾಡಿಕೊಂಡೆವು. ಮೊದಲ ತಿಂಗಳು ಅವರು ಪದೇಪದೇ ಕೈ ಒರೆಸಿಕೊಂಡರು, ಪ್ರತಿಸಲವೂ ನಾನು ನಿಲ್ಲಿಸಿದೆ. ನಿಲ್ಲಿಸುವ ಅಧಿಕಾರ ತಮ್ಮದೆಂದು ಖಾತ್ರಿಯಾದ ಮೇಲಷ್ಟೇ ಪತಿಯ ಹೆಸರು ಅವರ ಬಾಯಲ್ಲಿ ಬಂತು.

ಆದರೆ ಆ ದಿನದ ನೆನಪನ್ನೇ ಎದುರಿಸುವ ಚಿಕಿತ್ಸೆ ನನ್ನ ಅರ್ಹತೆಗೆ ಮೀರಿದ್ದು. ಇಂಥ ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಬದುಕಿಗೆ ದಾರಿ ತೋರುವ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಯಾವ ನೋಂದಣಿಯೂ ಬೇಕಿಲ್ಲ, ನನ್ನ ದೃಷ್ಟಿಯಲ್ಲಿ ತೊಂದರೆ ಇರುವುದೇ ಅಲ್ಲಿ. ಆ ಚಿಕಿತ್ಸೆಗಾಗಿ ಅವರನ್ನು ಮೈಸೂರಿನ ತಜ್ಞರೊಬ್ಬರಲ್ಲಿಗೆ ಕಳುಹಿಸಿದೆ. ಅಪರಾತ್ರಿಯಲ್ಲಿ ಬೇಕಾದೀತೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಬರೆದುಕೊಟ್ಟೆ. ಕಬ್ಬಿನ ಬಾಕಿ, ಬ್ಯಾಂಕಿನ ಕಾಗದಪತ್ರ, ಮಗನ ಓದು ಇವುಗಳ ಯೋಜನೆ ಮಾತ್ರ ನಮ್ಮಿಬ್ಬರ ನಡುವೆ ಮುಂದುವರಿಯಿತು.

ಈಗ ಅವರು ನಿದ್ದೆ ಮಾಡುತ್ತಾರೆ. ಗದ್ದೆಗೆ ಹೋಗುವಾಗ ನಾಲೆಯ ಏರಿ ಬಿಟ್ಟು ಒಂದು ಮೈಲಿ ಬಳಸಿ ನಡೆಯುತ್ತಾರೆ. ಅದನ್ನು ಬದಲಿಸಬೇಕೆಂದು ಅವರು ಕೇಳಿಲ್ಲ. ನಾನೂ ಆ ಮಾತು ಎತ್ತಿಲ್ಲ.