ಉಡುಗೊರೆಗೆ ಅಡಿಕೆ ಹಾಳೆಯ ಹೊದಿಕೆ

ಹಬ್ಬ ಹತ್ತಿರ ಬಂತೆಂದರೆ ಕಾರವಾರದ ಅಂಗಡಿಗಳಲ್ಲಿ ಮಿರಮಿರ ಮಿಂಚುವ ಉಡುಗೊರೆ ಕಾಗದ ತೂಗಾಡುತ್ತದೆ. ಒಂದು ತುಂಡನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಕಾಗದ. ತಾನಾಗಿ ಬಿಚ್ಚಿಕೊಂಡರೆ ಅದರ ಮೇಲೆ ಪ್ಲಾಸ್ಟಿಕ್ ಪದರವಿದೆ. ಅದು ರದ್ದಿಗೂ ಆಗದು, ಗೊಬ್ಬರಗುಂಡಿಗೂ ಆಗದು. ಇತ್ತ ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಅಡಿಕೆ ಹಾಳೆ ಬಿದ್ದಲ್ಲೇ ಕೊಳೆಯುತ್ತಿರುತ್ತದೆ. ಪುಸ್ತಕ, ಸೀರೆ, ಶಾಲಿನಂಥ ಚಪ್ಪಟೆ ಉಡುಗೊರೆಗೆ ಅದಕ್ಕಿಂತ ಚೆಂದದ ಹೊದಿಕೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಕ್ರಿಸ್‌ಮಸ್‌ಗಾದರೆ ಡಿಸೆಂಬರಿನಲ್ಲಿ ಬಿದ್ದ ಹಾಳೆ ಸಾಕು. ದೀಪಾವಳಿಗೆ ಮಾತ್ರ ಹಿಂದಿನ ಬೇಸಿಗೆಯಲ್ಲೇ ಒಣಗಿಸಿ ಅಟ್ಟದಲ್ಲಿಟ್ಟ ಹಾಳೆ ಬೇಕು, ಮಳೆಯಲ್ಲಿ ನೆನೆದದ್ದರಲ್ಲಿ ಆಗಲೇ ಕಪ್ಪು ಚುಕ್ಕೆ ಎದ್ದಿರುತ್ತದೆ. ಸೋಗೆ ಕತ್ತರಿಸಿ ತೆಗೆದು, ತೆಂಗಿನ ನಾರಿನಿಂದ ಎರಡೂ ಬದಿ ತಿಕ್ಕಿ ತೊಳೆಯಿರಿ. ಒಣ ಹಾಳೆಯನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಸುತ್ತಿದರೆ ಚಟಚಟ ಸದ್ದು ಬರಬಾರದು. ಬಂದರೆ ಇನ್ನೂ ಹತ್ತು ನಿಮಿಷ ನೆನೆಯಲಿ.

21 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲದ ಪುಸ್ತಕಕ್ಕೆ 56 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ತುಂಡು ಕತ್ತರಿಸಿ. ಹಾಳೆಯ ಎಳೆಗಳು ತುಂಡಿನ ಉದ್ದಕ್ಕೇ ಓಡುತ್ತಿರಬೇಕು, ಮಡಿಕೆ ಎಳೆಗೆ ಅಡ್ಡ ಬೀಳಬೇಕು. ಎಳೆಯ ಗುಂಟ ಮಡಚಿದರೆ ಹಾಳೆ ಸೀಳಿಹೋಗುತ್ತದೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ನುಣುಪಾದ ಬಿಳಿ ಬದಿ ಒಳಗಿರಲಿ. 23 ಸೆಂ.ಮೀ. ಬಿಟ್ಟು ಒಂದು ಮಡಿಕೆ, ಮತ್ತೆ 23 ಬಿಟ್ಟು ಇನ್ನೊಂದು. ಉಳಿದ 10 ಸೆಂ.ಮೀ. ಮೇಲಿನ ಮುಚ್ಚಳ. ಉಗುರಿನಿಂದ ಗೀರಿ ಮಡಚಬೇಡಿ, ಲಟ್ಟಣಿಗೆಯ ಮೇಲೆ ಬಗ್ಗಿಸಿದರೆ ಮಡಿಕೆ ದುಂಡಗೆ ನಿಲ್ಲುತ್ತದೆ.

ಎರಡು ಪಕ್ಕಗಳನ್ನು ಹೊಲಿಯಲು ದಬ್ಬಳದಿಂದ 2 ಸೆಂ.ಮೀ.ಗೊಂದು ತೂತು ಹಾಕಿ. ಎಲ್ಲ ತೂತೂ ಒಂದೇ ಗೆರೆಯಲ್ಲಿ ಬಂದರೆ ಒಂದೇ ಎಳೆಯ ಮೇಲೆ ಭಾರ ಬಿದ್ದು ಪಕ್ಕ ಉದ್ದಕ್ಕೆ ಸೀಳುತ್ತದೆ. ಹಾಗಾಗಿ ಒಂದು ತೂತು ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ, ಮುಂದಿನದು ಒಂದು ಸೆಂ.ಮೀ. ಒಳಗೆ, ಹೀಗೆ ಹಾವಿನ ನಡೆಯಂತೆ ಹಾಕಿ. ಹೊಲಿಗೆಗೆ ಹೂ ಕಟ್ಟುವ ಬಾಳೆ ನಾರೇ ಸರಿ: ಹತ್ತು ನಿಮಿಷ ನೆನೆಸಿ, ನೀರು ಹಿಂಡಿ ತೆಗೆಯಿರಿ. ಸೋರುವಷ್ಟು ಒದ್ದೆ ಇದ್ದಾಗ ಹಾಕಿದ ಗಂಟು ಒಣಗಿದ ಮೇಲೆ ಸಡಿಲಾಗುತ್ತದೆ.

ಒಣಗಿಸುವುದರಲ್ಲಿ ಅವಸರ ಬೇಡವೇ ಬೇಡ. ಒಳಗೆ ಹಳೆ ಪತ್ರಿಕೆ ತುಂಬಿ, ಮೇಲೆ ಮಣೆ, ಅದರ ಮೇಲೆ ಕಲ್ಲಿಟ್ಟು ಅರ್ಧ ದಿನ ಬಿಡಿ. ಆಮೇಲೆ ಪತ್ರಿಕೆ ತೆಗೆದು ಎರಡು ದಿನ ಗಾಳಿಯಾಡುವ ನೆರಳಿನಲ್ಲಿಡಿ. ಬಿಸಿಲಿಗಿಟ್ಟರೆ ಸೊಟ್ಟಗೆ ಸುರುಳಿಯಾಗುತ್ತದೆ. ಕಾರವಾರ, ಅಂಕೋಲೆಯ ತೇವದ ಗಾಳಿಯಲ್ಲಿ ಇನ್ನೊಂದು ದಿನ ಹೆಚ್ಚು ಬೇಕು. ಮೂಗಿಗೆ ಹಿಡಿದಾಗ ಹಸಿ ವಾಸನೆ ಇದ್ದರೆ ಉಡುಗೊರೆ ಒಳಗಿಡಬೇಡಿ, ವಾರದೊಳಗೆ ಬೂಸಲು ಬಂದು ಸೀರೆಗೂ ಕಲೆ ಹತ್ತುತ್ತದೆ.

ಜೇನು, ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೆ ಹಳೆ ಹತ್ತಿ ಸೀರೆಯ ತುಂಡು ವಾಸಿ. ಐದೂವರೆ ಮೀಟರ್ ಸೀರೆಯಲ್ಲಿ 55 ಸೆಂ.ಮೀ. ಚೌಕಗಳು ಇಪ್ಪತ್ತು ಸಿಗುತ್ತವೆ. ಬಾಟಲಿಯನ್ನು ನಡುವೆ ನಿಲ್ಲಿಸಿ, ಎದುರುಬದುರಿನ ಎರಡು ಮೂಲೆ ಮೇಲೆ ಗಂಟು ಹಾಕಿ, ಉಳಿದೆರಡನ್ನು ಕತ್ತಿನ ಸುತ್ತ ತಂದು ಬಿಗಿಯಿರಿ. ತೊಡದೇವಿನಂಥ ಗರಿಗರಿ ತಿನಿಸನ್ನು ಮಾತ್ರ ಮೊದಲು ಗಾಳಿಯಾಡದ ಡಬ್ಬಿಗೆ ಹಾಕಿ, ಬಟ್ಟೆಯಾಗಲಿ ಹಾಳೆಯಾಗಲಿ ತೇವ ತಡೆಯುವುದಿಲ್ಲ.

ಹೆಸರು ಬರೆಯಲು ಉಳಿದ ಹಾಳೆಯ ಚೂರಿನ ಬಿಳಿ ಬದಿ ಸಾಕು. ಪೂರ್ತಿ ಒಣಗಿದ ಮೇಲೆ ಬರೆಯಿರಿ, ಇಲ್ಲದಿದ್ದರೆ ಶಾಯಿ ಹರಡುತ್ತದೆ. ಗಂಟಿನ ಜೊತೆಗೆ ಒಣಗಿಸಿಟ್ಟ ಸುರಗಿಯ ನಾಲ್ಕು ಹೂ ಸಿಕ್ಕಿಸಿ. ಒಣಗಿದರೂ ಅದರ ಪರಿಮಳ ಹೋಗುವುದಿಲ್ಲ.